ಕೊಕ್ಕರೆ ಅಕ್ಕನ ಏಳು ಮಾತು

ಓಯ್, ರಸ್ತೆ ಆ ಕಡೆಯವರೇ, ಬಸ್ಸಿಗೆ ಕಾಯುತ್ತಾ ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡವರೇ, ಒಂದು ನಿಮಿಷ ತಲೆ ಎತ್ತಿ. ಇನ್ನೂ ಸ್ವಲ್ಪ ಮೇಲೆ. ಬಟ್ಟೆ ಒಣಗಿಸಿರುವ ಬಾಲ್ಕನಿ ಅಲ್ಲ, ಅದರ ಮೇಲೆ, ಪಾರಿವಾಳ ಕೂತಿರುವ ಕಂಬಿಗಳಿಗೂ ಮೇಲೆ. ಹಳದಿ ಬಣ್ಣದ್ದು ಕಂಡಿತಾ? ಒಂಟಿ ಕಾಲಿನ ಮೇಲೆ ನಿಂತು ಉದ್ದಕ್ಕೆ ಕೊಕ್ಕು ಚಾಚಿಕೊಂಡಿದೆಯಲ್ಲ, ಅದೇ. ಕೊಕ್ಕು ಕತ್ತಿಗೆ ಸೇರುವ ಜಾಗದಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಗಾಜಿನ ಗೂಡು ಇದೆ. ಅದರೊಳಗೆ ಕೂತಿರುವವಳು ನಮ್ಮ ಸೋದರತ್ತೆ. ಕೈ ಬೀಸಬೇಡಿ, ಅವಳು ವಾಪಸ್ ಬೀಸುವುದಿಲ್ಲ. ಅವಳ ಎರಡು ಕೈಯಲ್ಲಿ ಎರಡು ಲಿವರ್, ಲಿವರ್ ಹೇಳಿದ ಹಾಗೆ ಕೇಳುವ ಹುಕ್ಕಿನಲ್ಲಿ ಒಂದು ಕಾರಿನ ಎರಡರಷ್ಟು ಭಾರ.

ಸೈಟಿನಲ್ಲಿ ಅವಳನ್ನು ಕರೆಯುವುದು ಕೊಕ್ಕರೆ ಅಕ್ಕ ಅಂತ. ಆ ಹೆಸರು ಇಟ್ಟವನು ಬೇರೆ ಯಾರೂ ಅಲ್ಲ, ಅವಳ ಗಂಡ, ನಮ್ಮ ಮಾವ. "ಬೆಳಿಗ್ಗೆ ಏಳಕ್ಕೆ ಹತ್ತಿ ಕೂತ್ರೆ ಸಂಜೆ ಐದರ ತನಕ ಕತ್ತು ಒಂದೇ ಆಡಿಸ್ತಾಳೆ. ಕೆಳಗೆ ಮೀನು ಓಡಾಡ್ತಿದ್ರೆ ಹೆಂಗೆ ನೋಡುತ್ತೋ ಹಂಗೆ ನಮ್ಮನ್ನ ನೋಡ್ತಾಳೆ," ಅಂದಿದ್ದ. ಹೆಸರು ಅಂಟಿಕೊಂಡಿತು. ಅತ್ತೆಗೂ ಬೇಜಾರಿಲ್ಲ. "ಕೊಕ್ಕರೆ ಅಂದ್ರೆ ತಪ್ಪೇನು? ಕಾಯೋದ್ರಲ್ಲಿ ಅದಕ್ಕೆ ಸಮ ಯಾರು?" ಅನ್ನುತ್ತಾಳೆ.

ಅವಳು ಹುಟ್ಟಿದಾಗಲೇ ಮೇಲೆ ಕೂತವಳಲ್ಲ. ಹದಿನೆಂಟು ವರ್ಷಕ್ಕೆ ಇದೇ ಥರದ ಸೈಟುಗಳಲ್ಲಿ ತಲೆ ಮೇಲೆ ಸಿಮೆಂಟ್ ಬಾಂಡ್ಲಿ ಹೊತ್ತವಳು. ಆಮೇಲೆ ಸಾಮಾನು ಸಾಗಿಸುವ ಲಿಫ್ಟ್ ಓಡಿಸಿದಳು. ಆಗ ಕ್ರೇನ್ ಓಡಿಸುತ್ತಿದ್ದ ಒಬ್ಬ ಅಜ್ಜನಿಗೆ ಮಂಡಿ ನೋವು, ದಿನಕ್ಕೆ ಒಂದು ಸಲ ಹತ್ತಿ ಇಳಿಯುವುದೇ ಸಾಹಸ. ಅವನಿಗೆ ಮಧ್ಯಾಹ್ನದ ಊಟ ಮೇಲಕ್ಕೆ ಯಾರು ಒಯ್ದು ಕೊಡುವುದು? ಯಾರೂ ಒಪ್ಪಲಿಲ್ಲ, ಅತ್ತೆ ಒಪ್ಪಿದಳು. ಅಜ್ಜ ಉಣ್ಣುವ ಹೊತ್ತಿನಲ್ಲಿ ಅವಳು ಲಿವರ್ ನೋಡಿದಳು, ಮುಟ್ಟಿದಳು, ಖಾಲಿ ಹುಕ್ಕು ಆಡಿಸಿದಳು. ಅಜ್ಜನ ಡಬ್ಬಿ ಖಾಲಿಯಾಗುತ್ತಾ ಹೋದ ಹಾಗೆ ಇವಳ ತಲೆ ತುಂಬುತ್ತಾ ಹೋಯಿತು. ಎರಡು ವರ್ಷ ಆದ ಮೇಲೆ ಪರೀಕ್ಷೆ ಕಟ್ಟಿ ಪಾಸಾದಳು. ಈಗ ಒಂಬತ್ತು ವರ್ಷ. ಭಾರ ಎತ್ತುವುದರಲ್ಲಿ ಅವಳದ್ದು ನಿಜವಾಗಲೂ ಎತ್ತಿದ ಕೈ.

ದಿನಾ ಬೆಳಿಗ್ಗೆ ಇನ್ನೂರ ಇಪ್ಪತ್ತು ಮೆಟ್ಟಿಲು ಹತ್ತಬೇಕು. ಮೆಟ್ಟಿಲು ಅಂದರೆ ನಮ್ಮ ಮನೆ ಮೆಟ್ಟಿಲಲ್ಲ, ನೆಟ್ಟಗೆ ನಿಂತ ಏಣಿ. ಆ ಏಣಿ ಇರುವುದು ಕ್ರೇನಿನ ಕಂಬದ ಹೊಟ್ಟೆಯೊಳಗೆ. ಕಂಬದ ಬುಡ ನೆಲದೊಳಗೆ ಒಂದು ಕೋಣೆಯಷ್ಟು ದೊಡ್ಡ ಕಾಂಕ್ರೀಟ್ ದಿಮ್ಮಿಯಲ್ಲಿ ಹೂತಿದೆ. ಅದರ ಮೇಲೆ ಕಬ್ಬಿಣದ ಚೌಕಟ್ಟಿನ ತುಂಡುಗಳು, ಒಂದರ ಮೇಲೊಂದು, ತೋಳಿನಷ್ಟು ದಪ್ಪ ಬೋಲ್ಟು ಹಾಕಿ ಬಿಗಿದಿದ್ದು. ಒಟ್ಟು ಇಪ್ಪತ್ತೆರಡು. ಕಟ್ಟಡ ಬೆಳೆದ ಹಾಗೆ ಇದೂ ಬೆಳೆಯುತ್ತದೆ. ಕಂಬಕ್ಕೆ ಅಂಗಿ ತೊಡಿಸಿದ ಹಾಗೆ ಒಂದು ಗೂಡು ಇದೆ, ಅದರ ಜ್ಯಾಕು ಕ್ರೇನಿನ ತಲೆಯನ್ನೇ ಎತ್ತಿ ಹಿಡಿಯುತ್ತದೆ, ಕತ್ತಿನ ಕೆಳಗಿನ ಖಾಲಿ ಜಾಗಕ್ಕೆ ಹೊಸ ತುಂಡು ತೂರಿಸಿ ಬಿಗಿಯುತ್ತಾರೆ. "ಮನುಷ್ಯರಿಗೂ ಹಿಂಗೆ ಒಂದು ಮೂಳೆ ಸೇರಿಸೋ ಹಂಗಿದ್ರೆ ನಿಮ್ಮ ಮಾವ ಇಷ್ಟೊತ್ತಿಗೆ ನನ್ನ ಭುಜಕ್ಕಾದ್ರೂ ಬರ್ತಿದ್ರು," ಅಂತ ಅತ್ತೆ ನಗುತ್ತಾಳೆ.

ಮೇಲೆ, ಕತ್ತಿನಲ್ಲಿ, ಒಂದು ದೊಡ್ಡ ಹಲ್ಲಿನ ಬಳೆ. ಅದು ತಿರುಗಿದರೆ ಕ್ರೇನಿನ ಇಡೀ ತಲೆ ತಿರುಗುತ್ತದೆ. ಮುಂದಕ್ಕೆ ಉದ್ದ ತೋಳು, ಹಿಂದಕ್ಕೆ ಗಿಡ್ಡ ತೋಳು. ಗಿಡ್ಡ ತೋಳಿನ ತುದಿಯಲ್ಲಿ ಕಾಂಕ್ರೀಟ್ ಗಟ್ಟಿಗಳನ್ನು ನೇತು ಹಾಕಿದ್ದಾರೆ, ಇಲ್ಲದಿದ್ದರೆ ಮುಂದಿನ ಭಾರಕ್ಕೆ ಕೊಕ್ಕರೆ ಮುಗ್ಗರಿಸಿ ಬೀಳುತ್ತದೆ. ಉದ್ದ ತೋಳಿನ ಕೆಳಗೆ ರೈಲಿನ ಹಾಗೆ ಒಂದು ಟ್ರಾಲಿ ಒಳಗೂ ಹೊರಗೂ ಓಡುತ್ತದೆ. ಟ್ರಾಲಿಯಿಂದ ಉಕ್ಕಿನ ಹಗ್ಗ, ಹಗ್ಗದ ಕೊನೆಗೆ ಹುಕ್ಕು. ಎತ್ತುವುದು ಇಳಿಸುವುದು, ತಿರುಗುವುದು, ಟ್ರಾಲಿ ಓಡಿಸುವುದು. ಇಷ್ಟೇ ಮೂರು ಆಟ.

ನಿಜವಾದ ಕಷ್ಟ ಬೇರೆ. ಒಂದು ಬಕೆಟ್ ನೀರು ಎದೆಗೆ ಒತ್ತಿಕೊಂಡು ನಿಲ್ಲಿ, ಏನೂ ಅನಿಸುವುದಿಲ್ಲ. ಅದೇ ಬಕೆಟ್ಟನ್ನು ಕೈ ಚಾಚಿ ಹಿಡಿಯಿರಿ. ಹತ್ತು ಎಣಿಸುವುದರೊಳಗೆ ಭುಜ ಬೇಡಿಕೊಳ್ಳುತ್ತದೆ. ಕ್ರೇನಿಗೂ ಅದೇ ಗತಿ. ಹತ್ತಿರದಲ್ಲಿ ಹೂವಿನ ಹಾಗೆ ಎತ್ತಿದ್ದನ್ನು ದೂರಕ್ಕೆ ಒಯ್ದರೆ ಹೊರಲಾರದು. ಅದಕ್ಕೇ ಗೂಡಿನಲ್ಲಿ ಒಂದು ಪರದೆ ಇದೆ, ಎಷ್ಟು ಭಾರ, ಎಷ್ಟು ದೂರ ಅಂತ ತೋರಿಸುತ್ತದೆ. ಮಿತಿ ಹತ್ತಿರ ಬಂದರೆ ಗಂಟೆ ಹೊಡೆಯುತ್ತದೆ. ಮಿತಿ ಮುಟ್ಟಿದರೆ ಟ್ರಾಲಿ ಹೊರಗೆ ಹೋಗುವುದಿಲ್ಲ, ಹುಕ್ಕು ಮೇಲೆ ಬರುವುದಿಲ್ಲ. ಒಳಗೆ ತರಬಹುದು, ಇಳಿಸಬಹುದು, ಅಷ್ಟೇ.

ಇನ್ನೊಂದು ಕಷ್ಟ, ಅತ್ತೆಗೆ ಎಲ್ಲ ಕಾಣುವುದಿಲ್ಲ. ಗೋಡೆ ಮರೆಯಲ್ಲಿ ಇಳಿಸುವಾಗ ಅವಳು ಕುರುಡಿ. ಆಗ ಅವಳ ಕಣ್ಣು ಅಂದರೆ ನಮ್ಮ ಮಾವ. ಅವನು ಸಿಗ್ನಲ್‌ಮ್ಯಾನ್. ಭಾರ ಇಳಿಯುವ ಜಾಗದಲ್ಲಿ ವಾಕಿಟಾಕಿ ಹಿಡಿದು ನಿಂತು ಎಡ, ಬಲ ಹೇಳುವವನು.

ಮದುವೆಯಾಗಿ ಹನ್ನೆರಡು ವರ್ಷ. ಅದರಲ್ಲಿ ಹತ್ತು ವರ್ಷ ಅವಳು ಒಂದು ಸೈಟು, ಇವನು ಒಂದು ಸೈಟು. ಮಗಳ ಮೊದಲ ಹಲ್ಲು ಬಿದ್ದಿದ್ದನ್ನು ಮಾವ ಫೋನಿನಲ್ಲಿ ನೋಡಿದ. ಈ ಸೈಟಿಗೆ ಇಬ್ಬರೂ ಒಟ್ಟಿಗೆ ಬಂದು ಎರಡು ವರ್ಷವಾಯಿತು. ಸೈಟಿನ ಹಿಂದಿನ ಬೀದಿಯಲ್ಲಿ ಒಂದೂವರೆ ಕೋಣೆಯ ಮನೆ, ಮೂರು ಜನ, ಒಂದು ಬಾಗಿಲು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಇವರದ್ದು ವಾಕಿಟಾಕಿ ಬ್ಯಾಟರಿ ಮುಗಿಯುವ ತನಕ.

ಎಡವಟ್ಟಾಗಿದ್ದು ಅಲ್ಲೇ. ಒಂದು ಸೋಮವಾರ ಬೆಳಿಗ್ಗೆ ಅತ್ತೆ ಕಬ್ಬಿಣದ ಕಂಬಿಯ ಕಟ್ಟು ಎತ್ತಿ ನಿಲ್ಲಿಸಿಕೊಂಡಿದ್ದಾಳೆ. ಇದ್ದಕ್ಕಿದ್ದ ಹಾಗೆ ನೆನಪಾಯಿತು.

"ರೀ, ಒಲೆ ಆರಿಸಿದ್ರಾ?"

"ಆರಿಸಿದೀನಿ."

"ಕೈಯಲ್ಲಿ ಆರಿಸಿದ್ರಾ, ಮನಸ್ಸಲ್ಲಿ ಆರಿಸಿದ್ರಾ?"

"ಅಯ್ಯೋ, ಬಿಡು."

ಈಗ ನೋಡಿ, ಮನೆಯಲ್ಲಿ 'ಬಿಡು' ಅಂದರೆ ಬಾಯಿ ಮುಚ್ಚು ಅಂತ. ಸೈಟಿನಲ್ಲಿ 'ಬಿಡು' ಅಂದರೆ ಇಳಿಸು ಅಂತ. ಹತ್ತರಲ್ಲಿ ಎಂಟು ಜನ ಹಾಗೇ ಹೇಳುವುದು. ಹೆಂಡತಿಯ ಬಾಯಿ ಒಲೆಯ ಬಗ್ಗೆ ಕೇಳುತ್ತಿತ್ತು, ಕೈ ಮಾತ್ರ ಕೆಲಸದಲ್ಲಿತ್ತು. ಕಿವಿಗೆ 'ಬಿಡು' ಬಿದ್ದದ್ದೇ ಕೈ ಇಳಿಸಿಬಿಟ್ಟಿತು. ಕಂಬಿ ಕಟ್ಟು ಬಂದು ಕೂತಿದ್ದು ಎಂಜಿನಿಯರ್ ಸಾಹೇಬರ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಕುರ್ಚಿ ನಾಲ್ಕೂ ಕಾಲು ಚಾಚಿ ಕಪ್ಪೆಯ ಹಾಗೆ ಮಲಗಿತು. ಸಾಹೇಬರು ಚಹಾ ಕುಡಿಯಲು ಹೋಗಿದ್ದರು. ಹಗ್ಗ ಕಟ್ಟಿ ಯಾರೂ ಬರಬೇಡಿ ಎಂದಿದ್ದ ಜಾಗದೊಳಗೆ ಕುರ್ಚಿ ಹಾಕಿದ್ದು ಅವರದ್ದೇ ತಪ್ಪು. ಆದರೆ ಅದನ್ನು ಹೇಳುವ ದಿನ ಅದಾಗಿರಲಿಲ್ಲ.

ಈ ಸಾಹೇಬರಿಗೆ ಸೈಟಿನಲ್ಲಿ ಟೇಪ್ ಸಾಹೇಬರು ಅನ್ನುತ್ತಾರೆ, ಸೊಂಟದಿಂದ ಅಳತೆ ಟೇಪು ಇಳಿದದ್ದನ್ನು ಯಾರೂ ನೋಡಿಲ್ಲ. ವಯಸ್ಸು ಚಿಕ್ಕದು, ಮನುಷ್ಯ ಕೆಟ್ಟವನಲ್ಲ, ಆದರೆ ಎಲ್ಲ ಅಳತೆಯಲ್ಲಿ ಇರಬೇಕು. ಇಬ್ಬರನ್ನೂ ಕರೆದು ನಿಲ್ಲಿಸಿದರು.

"ಗಂಡ ಹೆಂಡ್ತಿ ಒಂದೇ ಚಾನೆಲ್ಲಲ್ಲಿ ಬೇಡ. ಇವರು ಸೇತುವೆ ಸೈಟಿಗೆ ಹೋಗ್ಲಿ."

ಸೇತುವೆ ಸೈಟು ಅಂದರೆ ಬಸ್ಸಿನಲ್ಲಿ ಒಂದು ಹಗಲು. ತಿಂಗಳಿಗೆ ಎರಡು ಸಲ ಮನೆ. ಮಾವ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದ. ಅತ್ತೆ ಬಾಯಿ ಬಿಟ್ಟಳು.

"ಸರ್, ಹತ್ತು ವರ್ಷ ಫೋನಲ್ಲೇ ಸಂಸಾರ ಮಾಡಿದೀವಿ. ಇನ್ನೊಂದು ಅವಕಾಶ ಕೊಡಿ."

ಸಾಹೇಬರು ಟೇಪನ್ನು ಎಳೆದರು, ಒಳಗೆ ಬಿಟ್ಟರು. ಯೋಚನೆ ಮಾಡುವಾಗ ಅವರು ಹಾಗೇ. ಕೊನೆಗೆ ಒಂದು ಹಾಳೆಯಲ್ಲಿ ಏಳು ಮಾತು ಬರೆದರು: ಎತ್ತು, ಇಳಿಸು, ಎಡ, ಬಲ, ಒಳಗೆ, ಹೊರಗೆ, ನಿಲ್ಲಿಸು. "ಶನಿವಾರ ಛಾವಣಿಗೆ ನೀರಿನ ಟ್ಯಾಂಕ್ ಏರಿಸ್ಬೇಕು. ವಾಕಿಟಾಕಿಯಲ್ಲಿ ಈ ಏಳು ಬಿಟ್ಟು ಎಂಟನೇ ಮಾತು ಬಂದ್ರೆ ವರ್ಗಾವಣೆಗೆ ಸಹಿ ಹಾಕ್ತೀನಿ. ಬರ್ಲಿಲ್ಲಾಂದ್ರೆ ಇಲ್ಲೇ ಇರಿ."

ಆ ನಾಲ್ಕು ದಿನ ಮನೆಯೆಲ್ಲ ಏಳೇ ಮಾತು. ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ ಬೇಕೆಂದರೆ ಮಾವ, "ಎತ್ತು. ಬಲ. ಬಲ. ಇಳಿಸು. ನಿಲ್ಸು," ಅನ್ನುವುದು. ಮಗಳಿಗೆ ಹಬ್ಬವೋ ಹಬ್ಬ. ಮನೆಪಾಠ ಮಾಡು ಅಂದರೆ "ನಿಲ್ಸು" ಅಂದಳು. ಅತ್ತೆ ಕೈ ಎತ್ತಿದಾಗ "ಇಳಿಸು" ಅಂದಳು. ಅತ್ತೆಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯದೆ ಎರಡೂ ಬಂತು.

ಶನಿವಾರ ಬಂತು. ಕಬ್ಬಿಣದ ಟ್ಯಾಂಕು, ಒಂದು ಸಣ್ಣ ಕೋಣೆಯಷ್ಟಿತ್ತು. ಕಾಗದದ ಪ್ರಕಾರ ಸಾವಿರದ ಒಂಬೈನೂರು ಕಿಲೋ. ಅದನ್ನು ಕೂರಿಸಬೇಕಾದ ಜಾಗ ಛಾವಣಿಯ ಆಚೆ ಮೂಲೆ, ಲಿಫ್ಟಿನ ಕೋಣೆಯ ಹಿಂದೆ. ಅತ್ತೆಗೆ ಕಾಣುವುದಿಲ್ಲ. ಮಾವ ಛಾವಣಿಯ ಮೇಲೆ, ಪಕ್ಕದಲ್ಲಿ ಇನ್ನೊಂದು ವಾಕಿಟಾಕಿ ಹಿಡಿದ ಟೇಪ್ ಸಾಹೇಬರು, ಟ್ಯಾಂಕಿನ ಹಗ್ಗ ಹಿಡಿಯಲು ಇಬ್ಬರು, ಜೊತೆಗೆ ಪ್ಲಂಬರ್. ಕೆಳಗಿದ್ದವರು ಹುಕ್ಕು ಸಿಕ್ಕಿಸಿ ದೂರ ಸರಿದರು. ಮಾವ ಅಂಚಿನಿಂದ ಬಗ್ಗಿ ನೋಡಿದ.

"ಎತ್ತು."

ಅತ್ತೆ ಎತ್ತಿದಳು. ಟ್ಯಾಂಕು ನೆಲ ಬಿಟ್ಟು ಒಂದು ಗೇಣು ಎದ್ದು ನಿಂತಿತು. ಅವಳು ಪರದೆ ನೋಡಿದಳು. ಎರಡು ಸಾವಿರದ ಐನೂರು.

ಆರುನೂರು ಕಿಲೋ ಜಾಸ್ತಿ. ಬೇರೆ ದಿನವಾಗಿದ್ದರೆ ಕೇಳಿಬಿಡುತ್ತಿದ್ದಳು. ಆದರೆ ಅಂದು ಅವಳ ಹತ್ತಿರ ಇದ್ದ ಏಳು ಮಾತಿನಲ್ಲಿ 'ಯಾಕೆ' ಅನ್ನುವುದು ಇರಲಿಲ್ಲ. ಸರಪಳಿ ಭಾರ ಇರಬಹುದು, ಕಾಗದ ತಪ್ಪಿರಬಹುದು, ಹತ್ತಿರದಲ್ಲೇನೋ ಎತ್ತಲು ತೊಂದರೆ ಇಲ್ಲವಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. "ಅಲ್ಲೇ ಇಳಿಸ್ಬೇಕಿತ್ತು," ಅಂತ ಆಮೇಲೆ ನನ್ನ ಹತ್ತಿರ ಒಪ್ಪಿಕೊಂಡಳು. "ಗಂಡ ಮನೇಲಿ ಇರ್ಲಿ ಅನ್ನೋ ಆಸೆ ಕಣೋ, ತಲೆಗೆ ಏರ್ಬಿಟ್ಟಿತ್ತು."

"ಎತ್ತು. ಎತ್ತು. ನಿಲ್ಸು. ಬಲ. ಬಲ."

ಕ್ರೇನಿನ ತಲೆ ನಿಧಾನಕ್ಕೆ ತಿರುಗಿತು. ಟ್ಯಾಂಕು ಛಾವಣಿಯ ಮೋಟುಗೋಡೆಯನ್ನು ದಾಟಿ ಬಂತು.

"ಹೊರಗೆ. ಹೊರಗೆ."

ಟ್ರಾಲಿ ಹೊರಗೆ ಓಡಿತು. ಟ್ಯಾಂಕು ಲಿಫ್ಟಿನ ಕೋಣೆಯ ಹಿಂದೆ ಮರೆಯಾಯಿತು, ಅತ್ತೆಗೆ ಹಗ್ಗ ಒಂದೇ ಕಾಣುತ್ತಿತ್ತು. ಆಗ ಗಂಟೆ ಹೊಡೆಯಿತು. ಟ್ರಾಲಿ ನಿಂತಿತು.

"ಹೊರಗೆ," ಅಂದ ಮಾವ. ಏನೂ ಆಗಲಿಲ್ಲ. "ಹೊರಗೆ." ಊಹೂಂ.

ಜಾಗಕ್ಕೆ ಇನ್ನೂ ಒಂದೂವರೆ ಮೀಟರ್ ಬಾಕಿ. ಟ್ಯಾಂಕು ನಡುವೆ ಅಡ್ಡ ಬಂದ ಒಂದು ಮೋಟುಗೋಡೆಯ ನೆತ್ತಿಯ ಮೇಲೆ ತೂಗುತ್ತಿತ್ತು, ತೂಗುವಾಗ ಸ್ವಲ್ಪ ವಾಲುತ್ತಿತ್ತು, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಹಗ್ಗ ಹಿಡಿದ ಇಬ್ಬರು ಎರಡು ಕಡೆ ಗಟ್ಟಿ ಕಾಲೂರಿ ನಿಂತಿದ್ದರು. ಮಾವನಿಗೆ ವಾಲುವುದು ಕಾಣುತ್ತಿತ್ತು, ಭಾರ ಎಷ್ಟು ಅಂತ ಗೊತ್ತಿರಲಿಲ್ಲ. ಅತ್ತೆಗೆ ಭಾರ ಗೊತ್ತಿತ್ತು, ವಾಲುವುದು ಕಾಣುತ್ತಿರಲಿಲ್ಲ. ಇಬ್ಬರ ಹತ್ತಿರವೂ ಅರ್ಧರ್ಧ ಸತ್ಯ, ಸೇರಿಸಲು ಮಾತಿಲ್ಲ.

ಮಾವ ವಾಕಿಟಾಕಿ ಬಾಯಿ ಹತ್ತಿರ ತಂದ. ಸಾಹೇಬರ ಮುಖ ನೋಡಿದ. ಕೆಳಗಿಳಿಸಿದ.

ಮೇಲೆ ಗೂಡಿನಲ್ಲಿ ಅತ್ತೆ ಎರಡು ಲಿವರಿನಿಂದಲೂ ಕೈ ತೆಗೆದಳು. ಕೈ ತೆಗೆದರೆ ಲಿವರ್ ತಾನಾಗಿ ನಡುವಿಗೆ ಬರುತ್ತದೆ, ಬ್ರೇಕು ಹಿಡಿಯುತ್ತದೆ. ಗಂಟೆ ಹೊಡೆಯುತ್ತಲೇ ಇತ್ತು. ಅವಳು ಗುಂಡಿ ಒತ್ತಿದಳು.

"ರೀ, ಕಾಗದಕ್ಕಿಂತ ಆರುನೂರು ಕಿಲೋ ಜಾಸ್ತಿ ಇದೆ. ಟ್ಯಾಂಕಲ್ಲಿ ಏನಿದೆ ನೋಡಿ."

ಆಯಿತು. ಎಂಟನೇ ಮಾತೂ ಅಲ್ಲ, ಒಂಬತ್ತು ಮಾತು ಒಟ್ಟಿಗೆ ಹೊರಬಿತ್ತು. ಟೇಪ್ ಸಾಹೇಬರು ತಮ್ಮ ವಾಕಿಟಾಕಿ ಎತ್ತಿದರು. ಅವರು ಹೇಳಿದ್ದು, "ಮೇಡಂ, ಮಾತು ಬಿಡಿ, ಬಿಡಿ" ಅಂತ. ಆದರೆ ಆ ಡಬ್ಬದ ಗುಂಡಿಗೆ ಒಂದು ಚಾಳಿ, ಒತ್ತಿದ ತಕ್ಷಣ ಆಡಿದ ಮೊದಲ ಒಂದೆರಡು ಮಾತನ್ನು ನುಂಗಿಬಿಡುತ್ತದೆ. ಗೂಡಿನಲ್ಲಿ ಅತ್ತೆಗೆ ಕೇಳಿದ್ದು ಇಷ್ಟೇ.

"ಬಿಡಿ, ಬಿಡಿ."

ಅವಳ ಬಲಗೈ ಲಿವರ್ ಕಡೆ ಹೋಯಿತು. ಅರ್ಧದಲ್ಲಿ ನಿಂತಿತು. ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತುಬಿಟ್ಟಳು.

"ಸರ್, ಬಿಡಲ್ಲ. ನಂಗೆ ಅಲ್ಲಿ ಏನೂ ಕಾಣ್ತಿಲ್ಲ. ನನ್ನ ಸಿಗ್ನಲ್‌ಮ್ಯಾನ್ ಹೇಳ್ಲಿ."

ಸಾಹೇಬರಿಗೆ ಅರ್ಥವಾಗಲಿಲ್ಲ. "ನಾನು ಇಳಿಸಿ ಅಂದ್ನಾ?" ಅಂತ ಮಾವನನ್ನು ಕೇಳಿದರು.

"ಅಂದ್ರಿ ಸರ್," ಅಂದ ಮಾವ, ಮೆತ್ತಗೆ. "ಡಬ್ಬದಲ್ಲಿ ಬಂದಿದ್ದು ಬರೀ 'ಬಿಡಿ, ಬಿಡಿ' ಅಂತ. ಅದನ್ನ ಕೇಳಿ ಅವಳು ಇಳಿಸಿದ್ರೆ ಈಗ ಟ್ಯಾಂಕು ಗೋಡೆ ಮೇಲೆ ಕೂರ್ತಿತ್ತು. ಆಮೇಲೆ ಯಾವ ಕಡೆ ಉರುಳ್ತಿತ್ತೋ, ಈ ಇಬ್ರನ್ನ ಕೇಳಿ."

ಹಗ್ಗ ಹಿಡಿದ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಸಾಹೇಬರ ಮುಖ ಸುಣ್ಣ ಬಳಿದ ಗೋಡೆಯಾಯಿತು.

ಮಾವ ಟ್ಯಾಂಕಿನ ಅಡಿಗೆ ಹೋಗಲಿಲ್ಲ, ದೂರ ನಿಂತು ಬಗ್ಗಿ ನೋಡಿದ. ತಳದ ಒಂದು ಮೂಲೆಯಲ್ಲಿ ತಿರುಪಿನ ಮುಚ್ಚಳ, ಅಲ್ಲಿಂದ ಹನಿ, ಹನಿ, ಹನಿ. ಆಮೇಲೆ ಪ್ಲಂಬರ್ ಕಡೆ ತಿರುಗಿದ.

"ಏನಪ್ಪಾ, ಖಾಲಿ ಮಾಡಿದ್ಯಾ ಇದನ್ನ?"

"ಸೋರುತ್ತಾ ಅಂತ ನೋಡೋಕೆ ನಿನ್ನೆ ನೀರು ತುಂಬಿಸಿದ್ದೆ. ಆಮೇಲೆ ನಲ್ಲಿ ತೆಗೆದು ಪೂರ್ತಿ ಖಾಲಿ ಮಾಡ್ದೆ ಅಣ್ಣ. ನಲ್ಲೀಲಿ ನೀರು ಬರೋದೇ ನಿಂತೋಯ್ತು."

"ನಲ್ಲಿ ತಳದಿಂದ ಎಷ್ಟು ಮೇಲಿದೆ?"

ಪ್ಲಂಬರ್ ಬೆರಳು ಜೋಡಿಸಿ ನೋಡಿದ. "ನಾಲ್ಕು ಬೆರಳು." ಹೇಳಿದ ಮೇಲೆ ಅವನೇ ತಲೆ ಮೇಲೆ ಕೈ ಹೊತ್ತ.

ಅಷ್ಟು ಅಗಲದ ತಳದಲ್ಲಿ ನಾಲ್ಕು ಬೆರಳು ನೀರು ಅಂದರೆ ಆರುನೂರು ಲೀಟರ್. ಆರುನೂರು ಲೀಟರ್ ಅಂದರೆ ಆರುನೂರು ಕಿಲೋ. ಅದೂ ಸುಮ್ಮನೆ ಕೂರುವ ಭಾರವಲ್ಲ, ಟ್ಯಾಂಕು ವಾಲಿದ ಕಡೆಗೇ ತಾನೂ ಓಡುವ ಭಾರ.

ಮಾವ ವಾಕಿಟಾಕಿ ಎತ್ತಿದ. ಈ ಸಲ ಸಾಹೇಬರ ಮುಖ ನೋಡಲಿಲ್ಲ. "ತಳದಲ್ಲಿ ನಾಲ್ಕು ಬೆರಳು ನೀರಿದೆ ಕಣೇ. ಒಳಗೆ ತಗೋ. ಮೆತ್ತಗೆ."

"ಅದಕ್ಕೇ ನಿಮ್ಮ ದನಿ ಹಂಗೆ ನಡುಗ್ತಿತ್ತಾ?"

"ಒಳಗೆ."

ಟ್ರಾಲಿ ಒಳಗೆ ಬಂದದ್ದೇ ಗಂಟೆ ಸುಮ್ಮನಾಯಿತು. ಛಾವಣಿಯ ನಡುವೆ ಮರದ ದಿಮ್ಮಿಗಳ ಮೇಲೆ ಟ್ಯಾಂಕನ್ನು ಮೊಟ್ಟೆ ಇಟ್ಟ ಹಾಗೆ ಇಳಿಸಿದಳು. ಪ್ಲಂಬರ್ ಹಾವಿನ ಹಾಗೆ ಕೆಳಗೆ ತೂರಿಕೊಂಡು ತಿರುಪು ಬಿಚ್ಚಿದ, ಮೊದಲ ಬಿರುಸಿಗೆ ಅವನ ತಲೆಯಿಂದ ಬೂಟಿನ ತನಕ ಸ್ನಾನವಾಯಿತು. ನೀರು ಹರಿದು ಹೋಗಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಅತ್ತೆ ಗೂಡಿನಲ್ಲೇ ಊಟದ ಡಬ್ಬಿ ಬಿಚ್ಚಿದಳು. ಗೆದ್ದೆವೋ ಸೋತೆವೋ ಗೊತ್ತಿರಲಿಲ್ಲ, ಆದರೆ ಹಸಿವಾಗಿತ್ತು. ಎರಡನೇ ಸಲ ಎತ್ತಿದಾಗ ಪರದೆಯಲ್ಲಿ ಸಾವಿರದ ಒಂಬೈನೂರು. ಗಂಟೆ ಹೊಡೆಯಲಿಲ್ಲ. ಟ್ಯಾಂಕು ಆಚೆ ಮೂಲೆಯ ನಾಲ್ಕು ಬೋಲ್ಟುಗಳ ಮೇಲೆ ಟೋಪಿ ಹಾಕಿದ ಹಾಗೆ ಹೋಗಿ ಕೂತಿತು.

ಸಂಜೆ ಐದಕ್ಕೆ ಕೆಲಸ ಮುಗಿಯಿತು. ಇಳಿಯುವ ಮೊದಲು ಅತ್ತೆ ಹುಕ್ಕು ಮೇಲಕ್ಕೆ ತಂದು, ಟ್ರಾಲಿ ಒಳಗೆ ಎಳೆದು, ತಿರುಗುವ ಬಳೆಯ ಬ್ರೇಕನ್ನು ಸಡಿಲ ಮಾಡಿದಳು. ಬ್ರೇಕು ಬಿಗಿದಿಟ್ಟು ಹೋದರೆ ಜೋರು ಗಾಳಿಗೆ ಕ್ರೇನು ಎದೆ ಕೊಟ್ಟು ಮುರಿಯಬಹುದು. ಸಡಿಲ ಇದ್ದರೆ ಗಾಳಿ ಬಂದ ಕಡೆಗೆ ಬೆನ್ನು ತಿರುಗಿಸಿಕೊಂಡು ಆರಾಮಾಗಿ ಇರುತ್ತದೆ. ಆಮೇಲೆ ಇನ್ನೂರ ಇಪ್ಪತ್ತು ಮೆಟ್ಟಿಲು ಇಳಿದು ನೇರ ಸೈಟ್ ಆಫೀಸಿಗೆ ಬಂದಳು. ಮಾವ ಮೊದಲೇ ಬಂದು ನಿಂತಿದ್ದ. ಮೇಜಿನ ಮೇಲೆ ವರ್ಗಾವಣೆಯ ಕಾಗದ ಇತ್ತು, ಸಹಿಯ ಜಾಗ ಇನ್ನೂ ಖಾಲಿ.

"ನೀವು ಶರತ್ತು ಮುರಿದ್ರಿ," ಅಂದರು ಸಾಹೇಬರು.

"ಹೌದು ಸರ್," ಅಂದಳು ಅತ್ತೆ. "ಮೊದಲೇ ಮುರೀಬೇಕಿತ್ತು. ನೆಲದಿಂದ ಎದ್ದಾಗ್ಲೇ ಪರದೆ ನಿಜ ಹೇಳಿತ್ತು. ನಾನೇ ಬಾಯಿ ಮುಚ್ಕೊಂಡಿದ್ದೆ."

ಸಾಹೇಬರು ಟೇಪ್ ಎಳೆದರು, ಬಿಟ್ಟರು. ಇನ್ನೊಮ್ಮೆ ಎಳೆದರು. "ಬಾಯಿ ಮುಚ್ಸಿದ್ದು ನಾನು," ಅಂದರು. ಏಳು ಮಾತಿನ ಹಾಳೆ ಹತ್ತಿರ ಎಳೆದುಕೊಂಡು ಕೆಳಗೆ ಒಂದು ಸಾಲು ಸೇರಿಸಿದರು: ಭಾರದ ಬಗ್ಗೆ ಯಾರು ಯಾವಾಗ ಬೇಕಾದರೂ ಯಾಕೆ ಅಂತ ಕೇಳಬಹುದು. "ಒಲೆ ವಿಷಯ ಮಾತ್ರ ಬೇಡ. ಬಿಡಿ ಅನ್ನೋ ಮಾತಂತೂ ಯಾರ ಬಾಯಲ್ಲೂ ಬೇಡ, ನನ್ನ ಬಾಯಲ್ಲೂ ಬೇಡ."

"ಯಾಕೆ ಅನ್ನೋದನ್ನ ಇವಳಿಗೆ ಬರ್ಕೊಡ್ಬೇಕಾ ಸರ್?" ಅಂದ ಮಾವ. "ಮನೇಲಿ ಇವಳು ಅದೊಂದೇ ಮಾತಾಡೋದು."

ಸಾಹೇಬರು ನಕ್ಕರು. ವರ್ಗಾವಣೆಯ ಕಾಗದವನ್ನು ಮಗುಚಿ ಅದರ ಹಿಂದೆ ಸೋಮವಾರದ ಕೆಲಸದ ಪಟ್ಟಿ ಬರೆಯತೊಡಗಿದರು. ಸಿಗ್ನಲ್‌ಮ್ಯಾನ್ ಅಂತ ಬರೆಯುವ ಜಾಗದಲ್ಲಿ ಮಾವನ ಹೆಸರಿತ್ತು. ಅತ್ತೆ ಅದನ್ನು ತಲೆಕೆಳಗಾಗಿಯೇ ಓದಿದಳು, ಮತ್ತೊಮ್ಮೆ ಓದಿದಳು, ಆಮೇಲೆ "ಬರ್ತೀವಿ ಸರ್" ಅಂದಳು.

ಮನೆಗೆ ಬಂದು ಕೈಕಾಲು ತೊಳೆದು ಮಂಚದ ಮೇಲೆ ಕೂತಾಗ ಅವಳ ಹಿಮ್ಮಡಿಗೆ ಏನೋ ತಾಗಿತು. ಬಗ್ಗಿ ನೋಡಿದರೆ ಮಂಚದ ಕೆಳಗೆ ಮಾವನ ಚೀಲ, ತುಂಬಿ ಜಿಪ್ಪು ಎಳೆದು ಸಿದ್ಧವಾಗಿತ್ತು.

"ಇದೇನ್ರೀ? ಯಾವಾಗ ಕಟ್ಟಿದ್ದು?"

"ಗುರುವಾರ," ಅಂದ ಮಾವ, ಗೋಡೆ ನೋಡುತ್ತಾ. "ನಿನ್ನ ಬಾಯಿ ನಂಗೆ ಗೊತ್ತಿಲ್ವಾ. ಏಳು ಮಾತಲ್ಲಿ ನಿಲ್ಲಲ್ಲ ಅಂತ ಗೊತ್ತಿತ್ತು."

ಅತ್ತೆ ಚೀಲವನ್ನು ಮಂಚದ ಮೇಲೆ ಬೋರಲು ಹಾಕಿದಳು. ಮೂರು ಅಂಗಿ ಬಿತ್ತು. ಹಲ್ಲುಜ್ಜುವ ಬ್ರಷ್ಷು, ಗಡ್ಡದ ಸೆಟ್ಟು, ಮಗಳು ಬಿಡಿಸಿದ್ದ ಒಂದು ಚಿತ್ರ. ಕೊನೆಗೆ ದೊಪ್ಪನೆ ಬಿದ್ದದ್ದು ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ದಿಂಬು. ಎರಡು ದಿನದಿಂದ ಅವಳು ಅದನ್ನೇ ಹುಡುಕುತ್ತಿದ್ದಳು, ಮಗಳನ್ನು ಗದರಿಸಿಯೂ ಆಗಿತ್ತು.

ಅವಳು ಮಾವನನ್ನು ಒಂದು ಸಲ ನೋಡಿದಳು. ಅಂಗಿ, ಬ್ರಷ್ಷು ಎಲ್ಲವನ್ನೂ ಒಂದು ಪಕ್ಕಕ್ಕೆ ಸರಿಸಿ, ದಿಂಬನ್ನು ಎರಡು ಸಲ ತಟ್ಟಿ, ತನ್ನ ತಲೆಯ ಕೆಳಗೆ ಇಟ್ಟುಕೊಂಡು, ಬೆಳಕಿರುವಾಗಲೇ ನಿದ್ದೆ ಹೋದಳು.